ರೀಲ್ ನಿಲ್ಲುವ ಜಾಗ

ಸೆಂಡಾಯ್‌ನ ಕಾಫಿ ಅಂಗಡಿಯಲ್ಲಿ, ಐರ್ಲೆಂಡಿನಿಂದ ಬಂದಿದ್ದ ಬ್ರೆಂಡನ್ ಪಿಟೀಲು ಎತ್ತಿಕೊಂಡ. "ಇದು ನಮ್ಮೂರ ಕುಣಿತದ ಮಟ್ಟು, ರೀಲ್. ಅಜ್ಜಂದಿರ ಕಾಲದ್ದು. ನಡುವೆ ಒಂದು ಕಡೆ ಉಸಿರು ಹಿಡಿದು ನಿಲ್ತೀವಿ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ" ಎಂದು ನುಡಿಸತೊಡಗಿದ.

ಮೊದಲ ಸಾಲಿಗೇ, ಕೇಳುತ್ತ ಕೂತಿದ್ದ ಜ್ಯೋತ್ಸ್ನಾ ಕಾಫಿ ಲೋಟ ಕೆಳಗಿಟ್ಟಳು. ಎಲ್ಲಿಯ ಅಜ್ಜಂದಿರು! ೨೦೧೧ರಲ್ಲಿ ಇದೇ ಊರಲ್ಲಿ, ಭೂಕಂಪದ ವಾರ, ಮನೆ ಬಿಟ್ಟು ಬಂದವರಿಂದ ತುಂಬಿದ್ದ ಶಾಲೆಯೊಂದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಹಿಮ್ಮಡಿಗೆ ಆನಿಸಿ, ಅಳುವ ಮಗಳನ್ನು ಸಮಾಧಾನಪಡಿಸಲು ತಾನೇ ಕಟ್ಟಿದ ಮಟ್ಟು ಅದು. ಅವಳಿಗೆ ರೀಲಿನ ಧಾಟಿ ಕಲಿಸಿದ್ದ ಇಲ್ಲಿನ ಪಿಟೀಲುಗಾರ ಸಾಟೊ ಸಾನ್ ಪಕ್ಕದಲ್ಲೇ ಕೂತು ಅದನ್ನು ಕಲಿತು, ಮುಂದೆ ಐರ್ಲೆಂಡಿಗೂ ಒಯ್ದಿದ್ದರು. ಈಗ ಅವರಿಲ್ಲ.

"ನಿಂದೇ ಅಲ್ವೇನೆ? ಹೇಳ್ಬಿಡು," ಗಂಡ ಮಧುಕರ್ ಪಿಸುಗುಟ್ಟಿದ.

"ಸುಮ್ನಿರಿ! ಯಾರು ನಂಬ್ತಾರೆ? ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ."

ಮಟ್ಟು ನಿಲ್ಲುವ ಆ ಜಾಗ ಹತ್ತಿರ ಬರುತ್ತಿತ್ತು. ಅಂದು ಸರಿಯಾಗಿ ಅಲ್ಲೇ ನೆಲ ಮತ್ತೆ ನಡುಗಿತ್ತು; ಅವಳು ಕಮಾನು ನಿಲ್ಲಿಸಿ, ಮೇಲಿನ ದೀಪ ತೂಗುತ್ತಿದೆಯೇ ಎಂದು ನೋಡಿದ್ದಳು.

ಬ್ರೆಂಡನ್ ನಿಲ್ಲಿಸಿದ. ಅವಳ ಕಣ್ಣು ತಾನಾಗಿ ದೀಪಕ್ಕೆ ಹೋಯಿತು. ಅವಳು ನೋಡಿದ್ದನ್ನು ಕಂಡದ್ದೇ ತಡ, ಅಂಗಡಿಯಲ್ಲಿದ್ದ ಸೆಂಡಾಯ್‌ನವರೆಲ್ಲ ನೆಲ ನಡುಗಿತೇನೋ ಎಂದು ಒಟ್ಟಿಗೆ ತಲೆ ಎತ್ತಿ ದೀಪ ನೋಡಿದರು.

ಬ್ರೆಂಡನ್ ಒಬ್ಬನೇ ತಂತಿ ನೋಡುತ್ತ ಕಾಯುತ್ತಿದ್ದ.