ಕೆಳಗಿನಿಂದ ನೋಡುವವರ ಅಕ್ಷರ

ಹರಿಹರದ ಬಸ್ ನಿಲ್ದಾಣದಲ್ಲಿ ಬಸ್ ಹೋಗುವ ಊರಿನ ಹೆಸರು ಕೂಗುವ ಗಿಡ್ಡಪ್ಪ ನೂರು ಹೆಜ್ಜೆ ಹಿಂದೆ ಸರಿದು, ಹಣೆಗೆ ಕೈ ಅಡ್ಡ ಹಿಡಿದು, ಬಸ್ಸಿನ ನೆತ್ತಿಯ ಮೇಲಿನ ಹೊಸ ಬೋರ್ಡ್ ನೋಡಿದ.

“ಇರುವೆ ಸಾಲು ತುಳಿದಂಗೆ ಐತೆ ನೋಡವ್ವ. ಯಾವ ಊರು ಅಂತ ನೀನೇ ಹೇಳು.”

“ದಾವಣಗೆರೆ,” ಎಂದಳು ಆ ಬೋರ್ಡ್ ಮಾಡಿ ತಂದಿದ್ದ ಫಿಜಾ. ಬಸ್ ಮಾಲೀಕ ನಿಂಗರಾಜ್ ಗಡಿಯಾರ ನೋಡಿಕೊಂಡ.

“ನಾಲ್ಕು ಗಂಟೆ ಟ್ರಿಪ್ಪಿಗೆ ಓದಂಗೆ ಇರಬೇಕು ತಂಗಿ. ಇಲ್ಲಾಂದ್ರ ಎಲ್ಲಾ ಬಸ್ಸಿಗೂ ರೆಡಿಮೇಡ್ ಅಕ್ಷರ ಹಾಕಿಸ್ತೀನಿ. ಬೇಜಾರು ಮಾಡ್ಕೋಬ್ಯಾಡ.”

ಅವಳ ಅಬ್ಬಾ ಜಾಫರ್ ಮೂವತ್ತು ವರ್ಷ ಹರಿಹರ, ದಾವಣಗೆರೆ ಎರಡೂ ಊರಿನ ಅಂಗಡಿ ಬೋರ್ಡ್ ಬರೆದವರು. ಅಂಗಡಿ ಕಿರಿದು, ಹೆಸರು ಉದ್ದ. ಹಾಗಾಗಿ ಒತ್ತೊತ್ತಾಗಿ, ಎತ್ತರಕ್ಕೆ, ದಪ್ಪಗೆ, ಯಾವ ಕುಸುರಿಯೂ ಇಲ್ಲದೆ ನಿಲ್ಲುವ ಅಕ್ಷರ ಅವರದು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದ ಮೇಲೆ ಒಂದೊಂದೇ ಬೋರ್ಡ್ ಇಳಿದು ಫ್ಲೆಕ್ಸ್ ಏರಿತು. ಉಳಿದವುಗಳ ಫೋಟೋ ತೆಗೆದು, ಎಂಟು ತಿಂಗಳು ಕಂಪ್ಯೂಟರಿನಲ್ಲಿ ಗೆರೆ ತಿದ್ದಿ ಫಿಜಾ ಅದನ್ನೊಂದು ಫಾಂಟ್ ಮಾಡಿದ್ದಳು. ಅದರಲ್ಲಿ ಬರೆದ ಮೊದಲ ಬೋರ್ಡ್ ಇದು. ಅಬ್ಬಾಗೆ ಹೇಳಿರಲಿಲ್ಲ. ಬಸ್ಸಿನ ಮೇಲೇ ನೋಡಲಿ ಎಂಬ ಆಸೆ. ಇದೂ ಕೈತಪ್ಪಿದರೆ ಅವರ ಅಕ್ಷರ ಊರಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ.

ಬೇರೆ ದಾರಿ ಕಾಣದೆ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅಬ್ಬಾ ಮೊದಲು ಕೇಳಿದ್ದು ಒಂದೇ.

“ಫೋಟೋ ಎಲ್ಲಿ ನಿಂತು ತಗದಿ?”

“ರಸ್ತೇಲಿ ನಿಂತು, ಅಬ್ಬಾ.”

“ಕೆಳಗಿಂದ ನೋಡೋರಿಗೆ ಗಿಡ್ಡ ಕಾಣ್ತಾವಂತ ನಾನು ಉದ್ದ ಎಳೀತಿದ್ದೆ. ಅಕ್ಷರದ ಹೊಟ್ಟೆ ಒಳಗೂ ಜಾಗ ಜಾಸ್ತಿ ಬಿಡ್ತಿದ್ದೆ. ನೀನು ಗಿಡ್ಡ ಕಂಡಿದ್ದನ್ನೇ ಬರದು ಮತ್ತ ಮ್ಯಾಲೆ ಏರಿಸಿದ್ರ ಹೆಂಗೆ? ರಜಾಕನ ಬಳೆ ಅಂಗಡಿ ಅಲ್ಲೇ ಐತಲ್ಲ, ಅದರ ಮ್ಯಾಲೆ ನಾ ಬರದ ಬೋರ್ಡ್ ಇನ್ನೂ ಐತೆ. ಏಣಿ ಹತ್ತಿ ಅಳತಿ ತಗೊ.”

‘ದಾವಣಗೆರೆ ಬ್ಯಾಂಗಲ್ ಸ್ಟೋರ್ಸ್’ ಮುಂದೆ ಅವಳು ಬೋರ್ಡನ್ನೇ ನೋಡುತ್ತ ನಿಂತಳು.

“ಯಾವ ಸೈಜ್ ಬಳೆ ಬೇಕಮ್ಮ?” ರಜಾಕ್ ಕೇಳಿದರು.

“ಏಣಿ ಬೇಕ್ರಿ, ಚಾಚಾ.”

ಸಂತೆಗೆ ಬಂದವರೆಲ್ಲ ತಲೆಯೆತ್ತಿ ನಿಂತರು. ಅವಳು ಬೋರ್ಡಿನ ಎತ್ತರಕ್ಕೆ ಹತ್ತಿದಳು. ನೆಲದಿಂದ ಗೇಣುದ್ದ ಕಂಡಿದ್ದ ‘ದಾ’ ಹತ್ತಿರದಲ್ಲಿ ಗೇಣಿಗಿಂತ ಮೂರು ಬೆರಳು ಹೆಚ್ಚಿತ್ತು. ವೃತ್ತಪತ್ರಿಕೆ ಒತ್ತಿ ಹಿಡಿದು, ಬಣ್ಣದ ಅಂಚು ಕಾಗದದ ಮೇಲೆ ಮೂಡುವಂತೆ ಪೆನ್ಸಿಲ್ ತಿಕ್ಕಿದಳು. ಐದು ಅಕ್ಷರ. ಹರಿದುದನ್ನು ಮತ್ತೆ ತಿಕ್ಕಿದಳು. ಅಲ್ಲಿಂದ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಓಡಿದಳು.

ಬೋರ್ಡ್ ಏರಿದಾಗ ನಾಲ್ಕು ದಾಟಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಗಿಡ್ಡಪ್ಪ ಚಹಾಕ್ಕೆ ಹೋಗಿದ್ದ. ದೂರದ ಗೇಟಿನಲ್ಲಿ ಚೀಲ ಹೊತ್ತ ಮುದುಕಿಯೊಬ್ಬಳು ತಲೆಯೆತ್ತಿದಳು. ಯಾರನ್ನೂ ಕೇಳದೆ ನೇರ ಬಂದು ಹತ್ತಿದಳು.

ನಿಂಗರಾಜ್ ಅದನ್ನೇ ನೋಡುತ್ತಿದ್ದ. “ಮಾಯಕೊಂಡದ ಬಸ್ಸಿನ ಬೋರ್ಡ್ ಸೋಮವಾರ ತಾ.”

ಏಣಿ ಹತ್ತಿ ಅಳೆಯಲು ಅಬ್ಬಾ ಬರೆದ ‘ಯ’ ಇರುವ ಒಂದು ಬೋರ್ಡೂ ಈಗ ಉಳಿದಿರಲಿಲ್ಲ. ಇನ್ನು ದಾವಣಗೆರೆಯ ಮನೆಗೆ ಹೋಗಿ ಅವರ ಬಾಯಿಂದಲೇ ಕೇಳಿ ಬರೆಯಬೇಕು. ಫಿಜಾ ಅದೇ ಬಸ್ ಹತ್ತಿ, ಮಸಿ ಹಿಡಿದ ಬೆರಳುಗಳನ್ನು ದುಪ್ಪಟ್ಟಾದೊಳಗೆ ಮುಚ್ಚಿಕೊಂಡು ಕೂತಳು.