ಸುಣ್ಣದ ದಾಯಾದಿ

ಜಾಲಿಯ ಕೊರಡೊಂದು ಗಾಡಿಯಿಂದ ಜಾರಿ ಅಂಗಳದಲ್ಲಿ ದಢಕ್ಕನೆ ಬಿದ್ದ ಸದ್ದಿಗೆ ವಿಮಲಾಬಾಯಿ ಎದ್ದು ಬಾಗಿಲಿಗೆ ಬಂದಳು. ಭಾವ ದೇವೀಂದ್ರಪ್ಪ ಧೋತರವನ್ನು ಮೇಲಕ್ಕೆತ್ತಿ ಕಟ್ಟಿ, ಇಬ್ಬರು ಆಳುಗಳಿಂದ ಕಟ್ಟಿಗೆ ಹೇರಿಸುತ್ತಿದ್ದ. ಅರ್ಧ ಗಾಡಿ ಆಗಲೇ ತುಂಬಿತ್ತು. ಒಳಗೆ ಗೋಡೆಗೆ ಆನಿಸಿ ಕೂಡಿಸಿದ್ದ ಅವಳ ಗಂಡ ಅಣವೀರಪ್ಪನ ಹಣೆಗೆ ಇನ್ನೂ ವಿಭೂತಿ ಬಿದ್ದಿರಲಿಲ್ಲ, ಹೊರಗೆ ಅವನನ್ನು ಸುಡುವ ತಯಾರಿ ನಡೆದಿತ್ತು.

ಲಿಂಗವಂತರ ಮನೆಯ ಮುಂದೆ ಹೆಣ ಸುಡುವ ಕಟ್ಟಿಗೆ! ಕಮಲಾಪುರದಲ್ಲಿ ಅವಳ ಅತ್ತೆಯನ್ನು ಹೂತಿದ್ದರು, ಮಾವನನ್ನು ಹೂತಿದ್ದರು, ಹುಟ್ಟಿದ ಮೂರನೆಯ ದಿನ ಹೋದ ಅವಳ ಕೂಸನ್ನೂ ಮನೆತನದ ಅದೇ ಹೊಲದ ಬದುವಿನಲ್ಲಿ ಹೂತಿದ್ದರು. ಇವನೊಬ್ಬನೇ ಏನು ಪಾಪ ಮಾಡಿದ್ದ?

"ಭಾವಾ, ಇದೇನ್ರೀ?" ಎಂದಳು.

ದೇವೀಂದ್ರಪ್ಪ ಅವಳ ಮುಖ ನೋಡಲಿಲ್ಲ. "ದೊಡ್ಡ ರೋಗದ ಹೆಣ ಹೂತರ ಮಳಿ ಹೋಗ್ತದ ಅಂತ ಊರೆಲ್ಲಾ ಅನ್ನಾಕತ್ತದ ವಿಮಲಾ. ಇನ್ನ ನಾಕು ದಿನಕ್ಕ ಮಿರಗದ ಮಳಿ ಕೂಡ್ತದ. ಹನಿ ಬೀಳಲಿಲ್ಲಂದ್ರ ಮಂದಿ ಕುಣಿ ಅಗದು ಹೊರಗ ತಗೀತಾರ. ಅದನ್ನ ನೋಡೋದಕ್ಕಿಂತ ಇದು ಚಲೋ ಅಲ್ಲೇನು?"

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಇದ್ದಿದ್ದರೆ ಅವಳು ನಾಲ್ಕು ಮಾತು ಜೋರಾಗಿಯೇ ಆಡುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಬಂದ ಹತ್ತು ಹನ್ನೆರಡು ಮಂದಿ ಎದುರಿನ ಕಟ್ಟೆಯ ಮೇಲೆ, ಮನೆಯ ಗಾಳಿಯೂ ತಾಗದಷ್ಟು ದೂರದಲ್ಲಿ ಕುಳಿತಿದ್ದರು. ಮಠಪತಿ ಅಯ್ಯನವರೂ ಅಲ್ಲಿಯೇ. ಸತ್ತವನ ಎಡಗೈಯಲ್ಲಿ ಇಷ್ಟಲಿಂಗ ಇಟ್ಟ ಮೇಲೆಯೇ ಮಣ್ಣು ಬೀಳಬೇಕು, ಆದರೆ ಆ ಕೈ ಮುಟ್ಟು ಎಂದು ನನಗೆ ಯಾರೂ ಹೇಳಬೇಡಿರಪ್ಪ ಎಂದು ಅವರು ಬಂದೊಡನೆಯೇ ಹೇಳಿ ಕೂತುಬಿಟ್ಟಿದ್ದರು. ಹಾಡುವ ಭಜನೆಯವರನ್ನು ಯಾರೂ ಕರೆದಿರಲಿಲ್ಲ. ಹೆಣದ ಹತ್ತಿರ ಅವಳೊಬ್ಬಳೇ.

ಅಣವೀರಪ್ಪನ ಎರಡೂ ಕೈಗಳು ತೊಡೆಯ ಮೇಲಿದ್ದವು. ಬಲಗೈಯಲ್ಲಿ ಮೂರು ಬೆರಳು ಸರಿಯಿದ್ದವು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಅರ್ಧಕ್ಕೇ ನಿಂತು, ಉಳಿದವು ಒಳಗೆ ಮಡಚಿದ್ದವು. ಚರ್ಮ ಅಲ್ಲಲ್ಲಿ ಬೆಳ್ಳಗೆ. ಇದಕ್ಕೆ ಕುಷ್ಠ ಎಂದು ಮೊಟ್ಟಮೊದಲು ಹೆಸರಿಟ್ಟವರು ಊರಿನವರಲ್ಲ. ವಿಮಲಾಬಾಯಿಯೇ ಒಂದು ದಿನ ತಾಳಲಾರದೆ ನೆಗೆಣ್ಣಿಯ ಮುಂದೆ ಅಂದುಬಿಟ್ಟಿದ್ದಳು. ಮರುದಿನ ಸಂಜೆಯೊಳಗೆ ಕಮಲಾಪುರಕ್ಕೆಲ್ಲ ಗೊತ್ತಾಗಿತ್ತು.

* * *

ಅಣವೀರಪ್ಪ ಕಲಬುರ್ಗಿಗೆ ನೌಕರಿಗೆ ಹೋದದ್ದು ಮದುವೆಯಾದ ಎರಡನೆಯ ವರ್ಷ, ನಿಜಾಮರ ಆಳಿಕೆ ಇನ್ನೂ ಗಟ್ಟಿಯಾಗಿದ್ದಾಗ. ಉರ್ದು ಓದಲು ಬರೆಯಲು ಬರುತ್ತಿತ್ತು, ಬೆರಳು ಸಪೂರ, ಕೆಲಸ ನಾಜೂಕು. ವಿಲಾಯತಿಯಲ್ಲಿ ಓದಿ ಬಂದು ಸ್ವಂತ ದವಾಖಾನೆ ತೆರೆದಿದ್ದ ಡಾಕ್ಟರ್ ಸಲಾವುದ್ದೀನರಿಗೆ ಅಂಥವನೇ ಬೇಕಾಗಿದ್ದ. ನಾಲಗೆಯಲ್ಲೋ ಕೆನ್ನೆಯಲ್ಲೋ ಗಡ್ಡೆ ಎದ್ದವರಿಗೆ ಅವರು ರೇಡಿಯಂ ತುಂಬಿದ ಸಣ್ಣ ಸೂಜಿಗಳನ್ನು ಚುಚ್ಚಿ ಕೆಲವು ದಿನ ಬಿಟ್ಟು ತೆಗೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ರೋಗಿಗಳು, ಹಿಂದಿನ ಕೋಣೆಯಲ್ಲಿ ಮೊಲಗಳು. ಮೊಲಗಳ ಪಾಲಕ ಅಣವೀರಪ್ಪ.

ಹಲ್ಲುನೋವಿನ ನೆಪದಲ್ಲಿ ವಿಮಲಾಬಾಯಿ ಒಮ್ಮೆ ಅಲ್ಲಿಗೆ ಹೋಗಿದ್ದಳು. ಗಂಡ ಅವಳಿಗೆ ಮೊಲಗಳನ್ನು ಒಂದೊಂದಾಗಿ ತೋರಿಸಿದ. ಒಂದೊಂದಕ್ಕೂ ನಂಬರು, ಒಂದೊಂದಕ್ಕೂ ತೂಕ. ಕೆಲವಕ್ಕೆ ಕುಡಿಯುವ ನೀರಿನಲ್ಲಿ ರೇಡಿಯಂನ ಉಪ್ಪು ಸೂಜಿಮೊನೆಯಷ್ಟು, ಕೆಲವಕ್ಕೆ ಬರೀ ನೀರು. ಸತ್ತ ಮೊಲದ ಎಲುಬನ್ನು ಫೋಟೋ ತೆಗೆಯುವ ಗಾಜಿನ ಮೇಲೆ ಕತ್ತಲಲ್ಲಿ ಇಟ್ಟರೆ, ಬೆಳಕಿಲ್ಲದೆಯೇ ಎಲುಬಿನ ಚಿತ್ರ ತಾನಾಗಿ ಮೂಡುತ್ತಿತ್ತು. ಅಂಥದೊಂದು ಗಾಜನ್ನು ಕಿಟಕಿಗೆ ಹಿಡಿದು ತೋರಿಸಿದಾಗ ಅವಳಿಗೆ ಮೈ ಜುಮ್ಮೆಂದಿತು.

"ಡಾಕ್ಟರು ಇದಕ್ಕ ಸುಣ್ಣದ ದಾಯಾದಿ ಅಂತಾರ" ಎಂದ ಅಣವೀರಪ್ಪ. "ಎಲುಬಿಗೆ ಸುಣ್ಣ ಬೇಕು ನೋಡು. ಇದು ಬಂದ್ರ, ನಮ್ಮವನೇ ಬಂದಾನ ಅಂತ ಎಲುಬು ಬಾಗಲಾ ತಗೀತದ. ಒಳಗ ಕುಂತ ಮ್ಯಾಲ ಇದು ಎದ್ದು ಹೋಗಂಗಿಲ್ಲ. ಗಡ್ಡಿ ಸುಡೋ ವಸ್ತು ಎಲುಬು ಯಾಕ ತಿಂತದ, ಎಷ್ಟು ಕೊಟ್ರ ತಿನ್ನಂಗಿಲ್ಲ, ಇದು ತಿಳೀಬೇಕಾಗ್ಯದ."

ಅವನು ತಮ್ಮ ಮನೆಯಲ್ಲಿ ಎಂದೂ ಅಷ್ಟು ಮಾತು ಆಡಿದವನಲ್ಲ. ಅವಳಿಗೆ ಅರ್ಥವಾದದ್ದು ಕಾಲುಭಾಗ. ಆದರೂ ಆ ಹೊತ್ತು ಗಂಡನ ಮೇಲೆ ಅಭಿಮಾನ ಉಕ್ಕಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು, ಆ ಮೊಲಗಳ ಮೇಲೆ.

ಅಂದು ಅವಳು ಇನ್ನೊಂದನ್ನೂ ನೋಡಿದ್ದಳು. ರೇಡಿಯಂ ಸೂಜಿಗೆ ಚಿಮಟಿಗೆಯಲ್ಲಿ ಹಿಡಿದೇ ದಾರ ಪೋಣಿಸಬೇಕೆಂದು ಡಾಕ್ಟರ ಹುಕುಂ. ಚಿಮಟಿಗೆಯಲ್ಲಾದರೆ ಒಂದು ಸೂಜಿಗೆ ಹತ್ತು ನಿಮಿಷ, ಬೆರಳಲ್ಲಾದರೆ ಅರೆ ನಿಮಿಷ. ಬಾಯಿ ಅಗಲಿಸಿ ನರಳುತ್ತ ಕೂತ ರೋಗಿಯನ್ನು ಯಾರು ಕಾಯಿಸುತ್ತಾರೆ? ಡಾಕ್ಟರು ಆ ಕಡೆ ತಿರುಗಿದೊಡನೆ ಅಣವೀರಪ್ಪ ಮತ್ತು ಕಂಪೌಂಡರ್ ಚಾಂದಪಾಶಾ ಚಿಮಟಿಗೆ ಬದಿಗಿಟ್ಟು, ಎಡಗೈ ಬೆರಳುಗಳಲ್ಲಿ ಸೂಜಿ ಹಿಡಿದು, ಬಲಗೈಯಿಂದ ಸರಸರ ಪೋಣಿಸಿಬಿಡುತ್ತಿದ್ದರು. ಹತ್ತು ವರ್ಷ ಹೀಗೆಯೇ ನಡೆಯಿತು.

* * *

ಮಧ್ಯಾಹ್ನದ ಮೋಟಾರಿನಿಂದ ಚಾಂದಪಾಶಾ ಇಳಿದ. ಬೆಳಗಿನ ಮೋಟಾರಿನ ಕಂಡಕ್ಟರನ ಕೈಯಲ್ಲಿ ವಿಮಲಾಬಾಯಿಯೇ ಸುದ್ದಿ ಕಳಿಸಿದ್ದಳು. ಸಾಯುವ ಮುನ್ನ ಗಂಡ ಕೇಳಿದ್ದು ಅದೊಂದೇ.

ಐವತ್ತರ ಆಚೆಯ ಮನುಷ್ಯ, ಮಾಸಿದ ಶೇರವಾನಿ, ಕೈಗಳೆರಡೂ ಜೇಬಿನಲ್ಲಿ. ಕಟ್ಟೆಯವರ ಕಡೆ ನೋಡದೆ ನೇರ ಒಳಗೆ ನಡೆದ. ಗೆಳೆಯನ ಎದುರು ಮೊಣಕಾಲೂರಿ ಕುಳಿತು, ಜೇಬಿನಿಂದ ಕೈ ತೆಗೆದು ಅವನ ಎಡಗೈ ಮೇಲೆ ಇಟ್ಟ. ವಿಮಲಾಬಾಯಿ ಬೆಚ್ಚಿದಳು. ಎರಡೂ ಒಂದೇ ಕೈ. ಅದೇ ಬಿಳಿ ಕಲೆ, ಅದೇ ಬೆರಳುಗಳು ಅದೇ ಗೆಣ್ಣಿಗೆ ನಿಂತಿದ್ದವು.

ಹೊರಗೆ ಬಂದು ಅವನು ಕಟ್ಟಿಗೆಯ ಗಾಡಿ ನೋಡಿದ. ಯಾಕೆಂದು ಕೇಳಿದ, ದೇವೀಂದ್ರಪ್ಪ ಹೇಳಿದ. ಚಾಂದಪಾಶಾ ಕಟ್ಟೆಯ ಮುಂದೆ ನಿಂತು, ಇದು ರೇಡಿಯಂ ಸುಟ್ಟದ್ದು, ನನಗೂ ಹಾಗೆಯೇ ಆಗಿದೆ, ನೋಡಿ, ಎಂದು ಎರಡೂ ಕೈ ಮುಂದೆ ಚಾಚಿದ. ಕೂತವರೆಲ್ಲ ಒಟ್ಟಿಗೆ ಎದ್ದು ಹಿಂದೆ ಸರಿದರು.

"ಹಂಗಾದ್ರ ಇಬ್ಬರಿಗೂ ಒಬ್ಬರಿಂದೊಬ್ಬರಿಗೆ ಹತ್ತ್ಯದ" ಎಂದ ದೇವೀಂದ್ರಪ್ಪ.

ಸಾಕ್ಷಿಗೆ ಬಂದವನೇ ಆರೋಪಿಯಾದ. ವಿಮಲಾಬಾಯಿ ಹಿಡಿಯಬೇಕೆಂದಿದ್ದ ಒಂದು ಕೊಂಬೆಯೂ ಮುರಿದು ಕೈಗೆ ಬಂದಿತ್ತು.

* * *

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದ ವಾರ ಕಲಬುರ್ಗಿಯಲ್ಲಿ ಯಾರು ಯಾರನ್ನು ಹುಡುಕುತ್ತಿದ್ದರೆಂದು ಹೇಳುವಂತಿರಲಿಲ್ಲ. ಅಣವೀರಪ್ಪ ಚಾಂದಪಾಶಾನನ್ನು ಮೊಲಗಳ ಕೋಣೆಯಲ್ಲಿ ಕೂಡಿಸಿ, ಒಳಗೆ ರೇಡಿಯಂ ಇದೆ, ಹೊಕ್ಕವನ ಎಲುಬು ಕರಗುತ್ತದೆ ಎಂದು ಬಾಗಿಲಲ್ಲಿ ನಿಂತು ಹೇಳಿ, ಅವನನ್ನು ಹುಡುಕಿ ಬಂದ ಗುಂಪನ್ನು ಮರಳಿ ಕಳಿಸಿದ. ಅದಾದ ಮೇಲೆ ಡಾಕ್ಟರು ಸೂಜಿಗಳ ಸೀಸದ ಪೆಟ್ಟಿಗೆ ಹಿಡಿದು ಹೈದರಾಬಾದಿಗೆ ಹೊರಟರು. ಎಂಟು ದಿನಕ್ಕೆ ಬರುತ್ತೇನೆ, ಮೊಲಗಳನ್ನು ದಿನಾ ತೂಗಿ ಬರೆದಿಡು ಎಂದರು. ಅವರು ಅಲ್ಲಿಂದ ಎತ್ತ ಹೋದರೋ, ಕಾಗದವೂ ಬರಲಿಲ್ಲ. ಅಣವೀರಪ್ಪ ಐದು ತಿಂಗಳು ತೂಗಿದ, ಬರೆದ. ಓದುವವರು ಯಾರೂ ಇರಲಿಲ್ಲ. ಕೊನೆಯ ಮೊಲ ಸತ್ತ ಮರುದಿನ ದವಾಖಾನೆಗೆ ಬೀಗ ಹಾಕಿ ಕಮಲಾಪುರಕ್ಕೆ ಬಂದ, ಬಟ್ಟೆ ಸುತ್ತಿದ ಕೈಗಳೊಂದಿಗೆ.

ಕೈ ನೋಡಿ ವಿಮಲಾಬಾಯಿ ಹಿಂದೆ ಸರಿದಳು. ಅವನು ಹೇಳಿದ. ಒಂದು ಸಲವಲ್ಲ, ಹತ್ತು ಸಲ ಹೇಳಿದ, ಇದು ಸುಟ್ಟದ್ದು, ಹತ್ತುವ ರೋಗವಲ್ಲ ಎಂದು. ಬೆಂಕಿಯಿಲ್ಲದೆ ಸುಡುವುದೆಂದರೇನು? ಸುಟ್ಟದ್ದು ಮಾಯಬೇಕು, ಇದು ವರ್ಷದಿಂದ ವರ್ಷಕ್ಕೆ ಬೆರಳು ತಿನ್ನುತ್ತಿತ್ತು. ಅವನ ತಟ್ಟೆ ಬೇರೆಯಾಯಿತು, ತಂಬಿಗೆ ಬೇರೆಯಾಯಿತು, ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ರೊಟ್ಟಿಯನ್ನು ಅವಳು ಮೇಲಿನಿಂದ ಬಿಡುತ್ತಿದ್ದಳು, ಅವನು ಅಂಗೈ ಕೂಡಿಸಿ ಹಿಡಿಯುತ್ತಿದ್ದ. ಬೈಗುಳವಿಲ್ಲ, ಜಗಳವಿಲ್ಲ. ಆರಂಭದಲ್ಲಿ ಅವಳನ್ನು ನೋಡಿ ನಗುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ.

ಒಂದು ಬೇಸಗೆಯ ಮಧ್ಯಾಹ್ನ ಅವಳು ಹೊಲದಿಂದ ಬಂದಾಗ, ಅವನು ಕುಡಿಯುವ ನೀರಿನ ಮಣ್ಣಿನ ಕೊಡದಲ್ಲಿ ಎರಡೂ ಕೈ ಮೊಣಕೈವರೆಗೆ ಅದ್ದಿ, ಕಣ್ಣು ಮುಚ್ಚಿ ಕುಳಿತಿದ್ದ. ತುಟಿ ಕಚ್ಚಿಕೊಂಡಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಕೊಡವನ್ನು ಅಂಗಳಕ್ಕೆ ಎತ್ತಿ ಒಗೆದಳು. ಚೂರುಗಳನ್ನು ಅವನೇ, ಆ ಬೆರಳುಗಳಿಂದಲೇ, ಒಂದೊಂದಾಗಿ ಆರಿಸಿದ.

ಆ ಸಂಜೆಯೇ ಅವಳು ನೆಗೆಣ್ಣಿಗೆ ಆ ಮಾತು ಹೇಳಿದ್ದು.

* * *

ಚಾಂದಪಾಶಾ ಸಿಟ್ಟಾಗಲಿಲ್ಲ. ಕೈಗಳನ್ನು ಜೇಬಿಗೆ ಹಾಕಿಕೊಂಡು ಅಯ್ಯನವರ ಕಡೆ ತಿರುಗಿದ.

"ಅಯ್ಯನವರ, ಒಂದು ಮಾತು ಕೇಳ್ತೀನಿ. ಮೋಟಾರ ನಿಲ್ಲೋ ಕಡಿ ಕುಂದ್ರೋ ಮುದಕ ಬರೇ ಕೈಲೆ ಕೆಂಡ ಎತ್ತಿ ಚಿಲಮಿಗೆ ಹಾಕ್ಕೊಳ್ಳೋದು ಈಗ ನೋಡ್ಕೊಂತ ಬಂದೆ. ಅವಗ ಯಾಕ ಸುಡಂಗಿಲ್ಲ?"

"ಅವಂದು ದೊಡ್ಡ ರೋಗಪ್ಪ. ಆ ಕೈಗಿ ಜೀವಿಲ್ಲ."

"ಹಾಂ. ಆ ರೋಗದಾಗ ಮೊದಲ ಹೋಗೋದು ಅರಿವು. ಬೆರಳು ಆಮ್ಯಾಲ. ನಮ್ಮ ದವಾಖಾನಿಗಿ ಬಂದವರಿಗಿ ಡಾಕ್ಟರು ಕಣ್ಣು ಮುಚ್ಚಿಸಿ ಟಾಚಣಿ ಚುಚ್ಚಿ ಕೇಳ್ತಿದ್ರು. ತಿಳೀಲಿಲ್ಲಂದ್ರ ಅದು, ತಿಳೀತಂದ್ರ ಬ್ಯಾರೆ. ನನ್ನ ಕೈಗಿ ಬಿಸಲು ಬಡದ್ರೂ ಜೀವ ಹೋಗ್ತದ. ಅಣವೀರಪ್ಪಂದು ಉರೀತಿತ್ತೋ ಇಲ್ಲೋ, ಅದು ನನಗ ಗೊತ್ತಿಲ್ಲ, ನಿಮಗ ಗೊತ್ತಿಲ್ಲ. ಭಾಭಿಗೆ ಗೊತ್ತು."

ಕಟ್ಟೆಯ ಮಂದಿಯೆಲ್ಲ ಅವಳ ಕಡೆ ತಿರುಗಿದರು. ವಿಮಲಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗೊತ್ತಿತ್ತು. ಹಿತ್ತಲ ಕೋಣೆಯಿಂದ ಬರುತ್ತಿದ್ದ ನರಳಿಕೆಯನ್ನು ಐದು ವರ್ಷ ಗೋಡೆಯ ಈಚೆಯಿಂದ ಕೇಳಿದವಳು ಅವಳು. ಬಿಸಿ ರೊಟ್ಟಿ ಅಂಗೈಗೆ ಬಿದ್ದಾಗ ಅವನು ಹಾ ಎಂದು ಕೈ ಜಾಡಿಸುತ್ತಿದ್ದದ್ದನ್ನು ಕಂಡವಳು ಅವಳು. ಆ ನೋವೇ ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು, ಮತ್ತು ಅವಳು ಅದಕ್ಕೆ ಕಿವಿ ಮುಚ್ಚಿಕೊಂಡಿದ್ದಳು.

"ಉರೀತಿತ್ತು" ಎಂದಳು. "ಕೊಡದ ನೀರಾಗ ಕೈ ಇಟ್ಕೊಂಡು ಕುಂದರ್ತಿದ್ರು. ನಾನು ಕೊಡ ಒಡದೆ. ಬಿಸಿ ರೊಟ್ಟಿ ಹಿಡೀಲಾಕ ಆಗ್ತಿರಲಿಲ್ಲ. ನಾನು ಬಿಸಿದೇ ಒಗದೆ. ಅದು ಕುಷ್ಠ ಅಂತ ಊರಿಗಿ ಹೇಳಿದಾಕಿ ನಾನು. ನಿಮ್ಮಾಗ ಯಾರೂ ಹತ್ರ ಬಂದು ನೋಡಿಲ್ಲ. ನಾ ಅಂದೆ, ನೀವು ನಂಬಿದ್ರಿ. ಈಗ ಅಲ್ಲ ಅಂತೀನಿ. ಇದನ್ನೂ ನಂಬ್ರಿ."

ಅಯ್ಯನವರು ಗಡ್ಡ ಕೆರೆದುಕೊಂಡರು. ಆಮೇಲೆ ದೇವೀಂದ್ರಪ್ಪನನ್ನು ಕರೆದು, ಕುಣಿ ತೋಡಿಸು ಎಂದರು. ಊರವರು ಮಳೆಯ ಮಾತೆತ್ತಿದರೆ ನಾನು ಉತ್ತರ ಹೇಳುತ್ತೇನೆ ಎಂದೂ ಸೇರಿಸಿದರು. ಆದರೆ ಹೆದರಿಕೆ ಅಷ್ಟು ಬೇಗ ಬಿಡುತ್ತದೆಯೇ? ಯಾರಾದರೂ ಕುಣಿಯಲ್ಲಿ ಇಳಿದು ಕೈ ಬಿಡಿಸಿ ಹಿಡಿದರೆ ನಾನು ಮೇಲಿನಿಂದ ಲಿಂಗ ಇಡುತ್ತೇನೆ, ಆ ಕೈ ಮಾತ್ರ ನಾನು ಮುಟ್ಟುವುದಿಲ್ಲ ಎಂದರು.

* * *

ಹೊತ್ತು ಇಳಿಯುವ ಮುಂಚೆ ಹೊಲದ ಬದುವಿನಲ್ಲಿ ಕುಣಿ ತಯಾರಾಯಿತು. ಕಂಬಳಿಯಲ್ಲಿ ಕಟ್ಟಿದ ಅಣವೀರಪ್ಪನನ್ನು ಹಗ್ಗದಿಂದ ಇಳಿಸಿ, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಿದರು. ಇಳಿಸಿದವರು ಅವಸರದಲ್ಲಿ ಮೇಲೆ ಹತ್ತಿದರು. ವಿಭೂತಿ ಬಿತ್ತು, ಪತ್ರಿ ಬಿತ್ತು. ಕೈಗೆ ಲಿಂಗ ಬೀಳಬೇಕು.

ಅಯ್ಯನವರು ದೇವೀಂದ್ರಪ್ಪನನ್ನು ನೋಡಿದರು. ಒಡಹುಟ್ಟಿದವನು ಒಂದು ಹೆಜ್ಜೆ ಮುಂದಿಟ್ಟ, ಕುಣಿಯ ಅಂಚಿಗೆ ಬಂದ, ಅಲ್ಲಿಯೇ ನಿಂತ. ಅವನ ಕಣ್ಣಿನಲ್ಲಿ ನೀರಿತ್ತು, ಕಾಲು ಮಾತ್ರ ಮುಂದೆ ಬರಲಿಲ್ಲ. ಚಾಂದಪಾಶಾ ದೂರದಲ್ಲಿ ಒಬ್ಬನೇ ನಿಂತಿದ್ದ. ಇಂಥ ಕೆಲಸಕ್ಕೆ ಅವನನ್ನು ಕರೆಯುವವರು ಯಾರು?

ಹೆಂಗಸರು ಕುಣಿಗೆ ಇಳಿಯುವ ಪದ್ಧತಿ ಕಮಲಾಪುರದಲ್ಲಿ ಇರಲಿಲ್ಲ. ವಿಮಲಾಬಾಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಅಂಚಿನಲ್ಲಿ ಕೂತು, ಕೆಳಗೆ ಜಾರಿದಳು. ಯಾರೋ ಏ ಎಂದರು. ಅವಳು ತಲೆಯೆತ್ತಲಿಲ್ಲ.

ಒಳಗೆ ಇಬ್ಬರಿಗಷ್ಟೇ ಜಾಗ. ಹಸಿ ಮಣ್ಣಿನ ತಂಪಿತ್ತು. ಅವಳು ಗಂಡನ ಎದುರು ಮೊಣಕಾಲೂರಿ, ಕಂಬಳಿ ಸರಿಸಿ, ಅವನ ಎಡಗೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು. ಆ ಕೈಯನ್ನು ಐದು ವರ್ಷದ ಮೇಲೆ ಮುಟ್ಟಿದ್ದು. ಎಷ್ಟು ಹಗುರವಾಗಿತ್ತು. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬಿಡಿಸುವಾಗ ಅಂಗೈಯ ನಡುವಿನ ಹುಣ್ಣು ಕಂಡಿತು, ಕೆಂಪಗೆ, ಅಂಚಿನಲ್ಲಿ ಸೀದ ಹಾಗೆ.

"ಹಿಡೀವಾ, ಇಡ್ತೀನಿ" ಎಂದು ಅಯ್ಯನವರು ಮೇಲಿನಿಂದ ಬಗ್ಗಿ ಲಿಂಗ ಚಾಚಿದರು.

ವಿಮಲಾಬಾಯಿ ಆ ಅಂಗೈಯನ್ನು ಬಾಯಿಯ ಹತ್ತಿರ ತಂದುಕೊಂಡು ಮೆಲ್ಲಗೆ ಊದಿದಳು. ಇನ್ನೊಮ್ಮೆ ಊದಿದಳು. ಮೇಲೆ ಮಣ್ಣಿನ ಬುಟ್ಟಿ ಹಿಡಿದವರು ಕಾಯುತ್ತ ನಿಂತರು. ಅಯ್ಯನವರ ಕೈ ಚಾಚಿದಂತೆಯೇ ಇತ್ತು. ಅವಳು ಊದುತ್ತಲೇ ಇದ್ದಳು.