ಕಮಲಕ್ಕನ ಗೀಟುಗಳು

ಕಮಲಕ್ಕ ತಲೆಯೆತ್ತಿ ನಡೆದದ್ದನ್ನು ಹಿರೇಕೊಡಿಗೆಯಲ್ಲಿ ಕಂಡವರಿಲ್ಲ. ಗಂಡನ ಹಳೆಯ ಖಾಕಿ ಕೋಟು ತೊಟ್ಟು, ರಸ್ತೆಯಂಚನ್ನೇ ದಿಟ್ಟಿಸುತ್ತ, ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ಖಾಲಿ ಮದ್ಯದ ಪ್ಯಾಕೆಟ್ಟೊಂದನ್ನು ಹೆಕ್ಕಿ ಚೀಲಕ್ಕೆ ಹಾಕಿ, ಜೇಬಿನ ಪುಸ್ತಕದಲ್ಲಿ ಗೀಟೆಳೆಯುವ ಈ ಆಶಾ ಕಾರ್ಯಕರ್ತೆಯನ್ನು, "ಎಂತ ಕಳ್ಕಂಡ್ಯೆ ಮಾರಾಯ್ತಿ?" ಎಂದು ಕೇಳದವರೂ ಇಲ್ಲ.

ಯಾರು ಏನೇ ಹೇಳಲಿ, "ಎಣಿಸಿದ್ರಾ?" ಎನ್ನುವುದು ಆಕೆಯ ಮಾತಿನ ಚಾಳಿ. ನಿವೃತ್ತ ಮೇಷ್ಟರಾದ ನಾನು ಮದ್ಯಪಾನದ ದುಷ್ಪರಿಣಾಮಗಳ ಕುರಿತು ಒಂದೂವರೆ ಗಂಟೆ ಅಸ್ಖಲಿತವಾಗಿ ಉಪನ್ಯಾಸ ಮಾಡಿ, ಚಪ್ಪಾಳೆಗೆ ಉಬ್ಬಿಹೋಗಿ ಹೊರಬಂದಾಗಲೂ ಬಿಡಲಿಲ್ಲ. "ಚೆನ್ನಾಗಿ ಮಾತಾಡಿದ್ರಿ ಮೇಷ್ಟ್ರೇ. ಕುಡಿಯೋರು ಎಷ್ಟು ಜನ ಬಂದಿದ್ರು, ಎಣಿಸಿದ್ರಾ?" ಒಬ್ಬನೂ ಬಂದಿರಲಿಲ್ಲ. ಆಗ ಸಿಟ್ಟು ಬಂತು. ಮನೆಗೆ ಹೋದಮೇಲೆ ನಗು ಬಂತು.

ಗ್ರಾಮಸಭೆಯಲ್ಲಿ ನನ್ನದೇ ಇನ್ನೊಂದು ಉಪನ್ಯಾಸ ನಿಶ್ಚಯವಾಗುವುದರಲ್ಲಿತ್ತು. ಕಮಲಕ್ಕ ಎದ್ದು ಮೂರು ತಿಂಗಳ ಲೆಕ್ಕ ಓದಿದಳು: ಊರಿಗೆಲ್ಲ ಏಳುನೂರ ಹತ್ತು ಪ್ಯಾಕೆಟ್, ಅದರಲ್ಲಿ ಐನೂರಕ್ಕೂ ಮಿಕ್ಕಿ ಬಸ್‌ಸ್ಟಾಪಿನ ಮೋರಿಯ ಬಳಿ. "ಎಸ್ಟೇಟಲ್ಲಿ ಕೆಲಸ ಬಿಡೋದು ನಾಲ್ಕೂವರೆಗೆ, ಬಸ್ ಬರೋದು ಆರೂಕಾಲಿಗೆ. ಅಲ್ಲಿವರೆಗೆ ಅವರು ಮಾಡೋದು ಎಂತ? ಭಾಷಣ ಬೇಡ, ಅಲ್ಲೊಂದು ವಾಲಿಬಾಲ್ ನೆಟ್ ಕಟ್ಟಿ."

"ಶೇಷಪ್ಪಣ್ಣಂದೂ ಸೇರಿದ್ಯಾ ಕಮಲಕ್ಕ?" ಎಂದು ಸದಸ್ಯ ಯೋಗೇಂದ್ರ ಕೆಣಕಿದ. ಬಸ್ಸು ಹತ್ತುವ ಅಗತ್ಯವಿಲ್ಲದಿದ್ದರೂ ಜೊತೆಗಾರರನ್ನು ಬೀಳ್ಕೊಡಲೆಂದೇ ಆ ಮೋರಿಯ ಮೇಲೆ ಕೂರುತ್ತಿದ್ದ ಶೇಷಪ್ಪ ಆಕೆಯ ಗಂಡ. ಸಭೆ ಗೊಳ್ಳೆಂದಿತು. ಆ ನಗೆಯಲ್ಲಿ ಆಕೆಯ ಶ್ರಮವೆಲ್ಲ ಕೊಚ್ಚಿಹೋಗುತ್ತದೆಂದು ನನಗೆ ನಿಜಕ್ಕೂ ಸಂಕಟವಾಯಿತು.

"ಸೇರಿದೆ. ದಿನಕ್ಕೆರಡು," ಎಂದಳು ಕಮಲಕ್ಕ.

ಹಿಂದಿನ ಸಾಲಿನಿಂದ ಶೇಷಪ್ಪನೇ ಎದ್ದ. "ಎರಡಲ್ಲ, ಮೂರು. ಇವಳಿಗೆ ಸಿಗಬಾರ್ದು ಅಂತ ಒಂದನ್ನ ಮೋರಿ ಆಚೆ ಎಸೀತೀನಿ."

ಕಮಲಕ್ಕ ಅವನ ಮುಖವನ್ನೊಮ್ಮೆ ನೋಡಿ, ಪೆನ್ಸಿಲ್ ತೆಗೆದು, ಲೆಕ್ಕ ತಿದ್ದಿಕೊಂಡಳು. ಆಮೇಲೆ ಯಾರೂ ನಗಲಿಲ್ಲ. ಮರುವಾರವೇ ನೆಟ್ ಬಂತು.

ಈಗ ಸಂಜೆಯಾದರೆ ಶೇಷಪ್ಪ ಲುಂಗಿ ಎತ್ತಿಕಟ್ಟಿ ಸರ್ವಿಸ್ ಹೊಡೆಯುತ್ತಾನೆ. ಬಂದ ಬಸ್ಸಿನ ಕಂಡಕ್ಟರು ಆ ಪಾಯಿಂಟ್ ಮುಗಿಯುವವರೆಗೆ ಸೀಟಿ ಊದುವುದಿಲ್ಲ. ಕಳೆದ ತಿಂಗಳು ಮೋರಿಯ ಬಳಿ ಸಿಕ್ಕಿದ್ದು ನಲವತ್ತೊಂದೇ. "ಶೇಷಪ್ಪ ಪೂರ್ತಿ ಬಿಟ್ಟುಬಿಟ್ಟ ಕಣಮ್ಮ!" ಎಂದು ನಾನು ಹಿಗ್ಗಿದೆ.

"ಎಣಿಸಿದ್ರಾ?" ಎನ್ನುತ್ತ ಆಕೆ ಮೋರಿಯ ಆಚೆಗಿಳಿದು, ಪೊದೆಯನ್ನೆಲ್ಲ ಸರಿಸಿ ನೋಡಿ, ಬರಿಗೈಯಲ್ಲಿ ನಗುತ್ತ ಮೇಲೆ ಬಂದಳು.

ಊರು ಸುಧಾರಿಸಬೇಕೆಂದು ಹಂಬಲಿಸುವ ನನ್ನಂಥವರು ಬೇಕಾದಷ್ಟಿದ್ದೇವೆ. ಆದರೆ ಯಾರನ್ನೂ ಬಯ್ಯದೆ, ಸ್ವಂತ ಮನೆಯದನ್ನೂ ಬಚ್ಚಿಡದೆ, ನಂಬಿದ ಮೇಲೂ ಇನ್ನೊಮ್ಮೆ ಬಗ್ಗಿ ನೋಡುವವರು ಊರಿಗೊಬ್ಬರಿದ್ದರೆ ಸಾಕು. ನಾವೆಲ್ಲ ಮೈಕು ಕೆಳಗಿಟ್ಟು, ಗೆರೆಯಾಚೆ ಹೋದ ಚೆಂಡು ಹೆಕ್ಕಿಕೊಡುತ್ತ ಸುಖವಾಗಿರಬಹುದು.